ಹಸಿ ಹಿಪ್ಪೆ

ಸೋಯಾ ಹಾಲು ಹಿಂಡುವ ಬಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿದಾಗಲೇ ಹಾಲಮ್ಮನಿಗೆ ಅದು ಹೊಳೆದದ್ದು. ಬಟ್ಟೆಯೆಲ್ಲ ಲೋಳೆಲೋಳೆ. ಕುದಿಸಿ ಹಿಂಡಿದ ದಿನ ಬಟ್ಟೆ ಹೀಗಿರುವುದಿಲ್ಲ. ಜಾಡಿಸಿದರೆ ಸಾಕು, ಅಂಟಿಕೊಂಡ ಹಿಪ್ಪೆ ಉದುರಿ ಬೀಳುತ್ತದೆ. ಅಂದರೆ ಇವತ್ತು ತಾನು ಹಸಿಯಾಗಿಯೇ ಹಿಂಡಿದ್ದೇನೆ. ಆ ಹಸಿ ಹಿಪ್ಪೆಯಲ್ಲೇ ಸೊಸೆ ಬಿಲ್ಲೆ ತಟ್ಟಿ, ಡಬ್ಬಿ ತುಂಬಿಸಿಕೊಂಡು ಶಿಶುವಿಹಾರಕ್ಕೆ ಹೋಗಿಯಾಗಿದೆ.

ಹಾಲಮ್ಮ ಅನ್ನುವುದು ಬೀದಿಯವರು ಇಟ್ಟ ಹೆಸರು. ಹಸುವಿಲ್ಲ, ಎಮ್ಮೆಯಿಲ್ಲ, ಸೋಯಾ ಕಾಳು ನೆನೆಹಾಕಿ, ರುಬ್ಬಿ, ಹಾಲು ತೆಗೆದು ಮಾರುವವಳಿಗೆ ಜನ ಇನ್ನೇನು ಹೆಸರಿಟ್ಟಾರು? ಮನೆಯ ಮುಂದಿನ ಕೋಣೆ ಅಂಗಡಿ, ಹಿಂದಿನ ಕೋಣೆ ಕಾರ್ಖಾನೆ. ಹಾಲು ಬಾಟಲಿಗೆ, ಹಿಂಡಿ ಉಳಿದ ಹಿಪ್ಪೆ ಹಂದಿ ಸಾಕುವವನ ಡ್ರಮ್ಮಿಗೆ. ಅವನೊಂದು ದಿನ ಕೈಕೊಟ್ಟರೆ ಮಧ್ಯಾಹ್ನದೊಳಗೆ ಹುಳಿ ನಾತ ಎದ್ದು ಬೀದಿಗೆ ಬೀದಿಯೇ ಮೂಗು ಮುಚ್ಚಿಕೊಳ್ಳುತ್ತಿತ್ತು. ಸೊಸೆ ಮನೆಗೆ ಬರುವವರೆಗೂ ಹೀಗೇ ನಡೆದಿತ್ತು.

“ಅತ್ತೆ, ಇದ್ರಲ್ಲಿ ಎಷ್ಟೊಂದು ಸತ್ವ ಉಳ್ಕೊಂಡಿರುತ್ತೆ ಗೊತ್ತಾ? ಎಲ್ಲಾನೂ ಹಂದಿಗೆ ಸುರೀತೀವಲ್ಲ” ಎಂದು ಅವಳು ಶುರುಮಾಡಿದ್ದಳು. ಹಿಪ್ಪೆ ಹುರಿದಳು, ಒಣಗಿಸಿದಳು, ಹಿಟ್ಟಿಗೆ ಬೆರೆಸಿದಳು. ಮೊದಲು ಮಾಡಿದ ಬ್ರೆಡ್ಡು ಎಂಥದಾಗಿತ್ತೆಂದರೆ, ಗಾಳಿಗೆ ಬಡಿದುಕೊಳ್ಳುವ ಹಿಂಬಾಗಿಲಿಗೆ ಅದನ್ನೇ ಅಡ್ಡ ಇಡಬಹುದಿತ್ತು. ಹಾಲಮ್ಮ ಸುಮ್ಮನಿರುವ ಪೈಕಿಯೇ? “ನಮ್ಮನೇಲಿ ಕಸದಿಂದ ರಸ ತೆಗೀತಿದ್ದಾಳೆ ಮಹರಾಯ್ತಿ. ಹಂದಿ ಬಾಯಿಂದ ಕಿತ್ಕೊಂಡು ಮಕ್ಕಳ ಬಾಯಿಗೆ ಹಾಕ್ತಾಳಂತೆ” ಎಂದು ಗಿರಾಕಿಗಳ ಮುಂದೆ ಆಡಿಕೊಂಡು ನಗುತ್ತಿದ್ದಳು. ಗಿರಾಕಿಗಳೂ ನಗುತ್ತಿದ್ದರು. ಒಳಗೆ ಪಾತ್ರೆ ಉಜ್ಜುತ್ತಿದ್ದ ಸೊಸೆಗೆ ಅದು ಕೇಳಿಸುತ್ತಿತ್ತು, ಕೇಳಿಸಲಿ ಎಂದೇ ಹೇಳಿದ್ದು.

ಆದರೂ ಸೊಸೆ ಬಿಡಲಿಲ್ಲ. ಕೊನೆಗೆ ಈರುಳ್ಳಿ, ಶುಂಠಿ, ಒಂದಿಷ್ಟು ಹಿಟ್ಟು ಸೇರಿಸಿ ತಟ್ಟಿದ ಬಿಲ್ಲೆ ಎಷ್ಟು ಚೆನ್ನಾಗಿ ಬಂತೆಂದರೆ, ಹಾಲಮ್ಮನೂ ಯಾರಿಲ್ಲದಾಗ ಎರಡು ತಿಂದಳು. ಆಗ ಸೊಸೆ ಒಂದೇ ಒಂದು ಕಟ್ಟಳೆ ಹಾಕಿದ್ದಳು. “ಇನ್ಮೇಲೆ ರುಬ್ಬಿದ್ದನ್ನ ಮೊದಲು ಕುದಿಸ್ಬೇಕು ಅತ್ತೆ, ಆಮೇಲೆ ಹಿಂಡ್ಬೇಕು. ನಾನು ಬಿಲ್ಲೆನ ಮೇಲ್ಮೇಲೆ ಕಾಯಿಸೋದಷ್ಟೇ. ಹಿಪ್ಪೆ ಹಸಿಯಾಗಿದ್ರೆ ಒಳಗೆ ಬೇಯಲ್ಲ, ತಿಂದೋರಿಗೆ ಹೊಟ್ಟೆ ಕೆಡುತ್ತೆ.”

ಹಾಲಮ್ಮನ ಹಳೆಯ ಪದ್ಧತಿ ಬೇರೆ. ಮೊದಲು ತಣ್ಣಗಿರುವಾಗಲೇ ಹಿಂಡಿ, ಆಮೇಲೆ ಬರೀ ಹಾಲನ್ನು ಕುದಿಸುವುದು. ಹಾಲಿಗೆ ಹೇಗಾದರೂ ಸರಿ, ಕೈ ಮಾತ್ರ ಸುಡುವುದಿಲ್ಲ. ಇವತ್ತು ಬೆಳಿಗ್ಗೆ ಹೆಬ್ಬೆರಳಿನ ಕೀಲು ಸಿಡಿಯುತ್ತಿತ್ತು. ಸೊಸೆ ಮನೆಮನೆಗೆ ಬಾಟಲಿ ಹಾಕಲು ಹೋಗಿದ್ದಳು. ನೋಯುವ ಕೈ ತನಗೆ ಗೊತ್ತಿದ್ದ ಹಳೆಯ ದಾರಿಯನ್ನೇ ಹಿಡಿದಿತ್ತು. ಸೊಸೆ ವಾಪಸು ಬರುವ ಹೊತ್ತಿಗೆ ಹಿಪ್ಪೆ ಎಂದಿನಂತೆ ಟಬ್ಬಿನಲ್ಲಿ ತಣ್ಣಗೆ ಕೂತಿತ್ತು. ಶಿಶುವಿಹಾರದ ದೊಡ್ಡ ಟೀಚರು “ಒಂದು ದಿನ ಕೊಟ್ಟು ನೋಡಿ, ಮಕ್ಕಳು ತಿಂದ್ರೆ ದಿನಾ ತಗೋತೀವಿ” ಅಂದದ್ದು ಇವತ್ತಿಗೇ. ಆ ಗಡಿಬಿಡಿಯಲ್ಲಿ ಶುಂಠಿಯ ಘಾಟಿಗೆ ಹಸಿ ವಾಸನೆ ಅವಳ ಮೂಗಿಗೂ ಬಡಿಯಲಿಲ್ಲ.

ಹೊಳೆದ ಕೂಡಲೇ ಹಾಲಮ್ಮ ಓಡಬೇಕಿತ್ತು. ಓಡಲಿಲ್ಲ.

ಬಟ್ಟೆಯನ್ನು ತೊಳೆದಳು. ಹಿಂಡಿದಳು. ಹಿತ್ತಿಲಿಗೆ ಒಯ್ದು ತಂತಿಯ ಮೇಲೆ ಹರವಿದಳು. ಅಷ್ಟು ಹೊತ್ತು ಅವಳ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ: ಒಂದು ಸಲ ಕೆಡಲಿ. ಮಕ್ಕಳು ಮುಖ ಕಿವುಚಲಿ, ಡಬ್ಬಿ ತುಂಬಿದ್ದು ತುಂಬಿದ ಹಾಗೇ ಮನೆಗೆ ಬರಲಿ. ಹಿಪ್ಪೆ ಅಂದರೆ ಹಂದಿಗೇ ಸರಿ ಎಂದು ತಾನು ಹೇಳಿದ್ದು ಸುಳ್ಳಾಗದಿರಲಿ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ, ತನ್ನ ಕಾಲ ಇಷ್ಟು ಬೇಗ ಮುಗಿಯಬೇಕೇ? ಬಟ್ಟೆಗೆ ಕ್ಲಿಪ್ಪು ಸಿಕ್ಕಿಸುವಾಗ ಅವಳಿಗೆ ಮೊಮ್ಮಗಳ ನೆನಪಾಯಿತು. ಗುಬ್ಬಿಯೂ ಅದೇ ಶಿಶುವಿಹಾರದಲ್ಲಿದ್ದಾಳಲ್ಲ!

ಆಮೇಲೆ ಓಡಿದಳು. ಅಂಗಡಿ ಬಾಗಿಲು ಹಾರು ಹೊಡೆದದ್ದು ಹೊಡೆದ ಹಾಗೇ ಇತ್ತು. ಕಾಲಲ್ಲಿ ಒದ್ದೆ ಹವಾಯಿ ಚಪ್ಪಲಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಸೈಕಲ್ ರಿಪೇರಿಯವನು “ಏನಾಯ್ತು ಹಾಲಮ್ಮ, ಹಾಲು ಉಕ್ಕಿತಾ?” ಎಂದು ಕೂಗಿದ. ತಿರುವಿನಲ್ಲಿ ಒಂದು ಚಪ್ಪಲಿ ಕಳಚಿತು, ಬಿಟ್ಟು ಓಡಿದಳು. ಈಗ ಕೈ ತೊಳೀತಿರ್ತಾರೆ, ಈಗ ಸಾಲಾಗಿ ಕೂತಿರ್ತಾರೆ, ದೇವರೇ, ಇನ್ನೂ ಬಡಿಸಿರಬಾರದು ಎಂದುಕೊಳ್ಳುತ್ತಲೇ ಗೇಟು ದೂಡಿದಳು.

ಮಕ್ಕಳು ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಸೊಸೆ ಡಬ್ಬಿ ಹಿಡಿದು ಬಡಿಸುತ್ತಿದ್ದಳು.

“ತಿನ್ಬೇಡಿ! ಯಾರೂ ತಿನ್ಬೇಡಿ!”

ಸೊಸೆ ಬೆರಗಾಗಿ ನೋಡಿದಳು. “ಅತ್ತೆ?”

“ಹಸಿ ಹಿಪ್ಪೆ ಕಣೇ ಅದು. ಕುದಿಸ್ದೆ ಹಿಂಡ್ಬಿಟ್ಟಿದೀನಿ. ಬೆರಳು ನೋಯ್ತಿತ್ತು… ಮರ್ತೇಹೋಯ್ತು.”

ಸೊಸೆ ಡಬ್ಬಿಯ ಮುಚ್ಚಳ ಹಾಕಿದಳು. ದೊಡ್ಡ ಟೀಚರು ತಟ್ಟೆಗಳನ್ನು ಎತ್ತಿಸಿದರು. ಉಳಿದ ಮಕ್ಕಳೆಲ್ಲ ಎಲ್ಲರಿಗೂ ಬಡಿಸಿಯಾಗಲಿ ಎಂದು ಕಾಯುತ್ತಿದ್ದವು. ಗುಬ್ಬಿ ಮಾತ್ರ ಕಾದಿರಲಿಲ್ಲ. ಅಮ್ಮ ಮಾಡಿದ್ದಲ್ಲವೇ, ಅವಳಿಗೇ ಮೊದಲು ಕೊಟ್ಟಿದ್ದರು. ಒಂದು ಬಿಲ್ಲೆ ಹೊಟ್ಟೆ ಸೇರಿತ್ತು, ಎರಡನೆಯದು ಕೈಯಲ್ಲಿ ಅರ್ಧ ಉಳಿದಿತ್ತು. “ಅಜ್ಜೀ, ಚೆನ್ನಾಗಿದೆ” ಅಂದಳು.

ಮನೆಗೆ ಬಂದ ಮೇಲೆ ವಾಂತಿ ಶುರುವಾಯಿತು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, “ಬೇಯದ ಕಾಳು ಹೀಗೇ ಮಾಡೋದು. ಪ್ರಾಣಕ್ಕೇನೂ ಭಯ ಇಲ್ಲ. ಗುಟುಕು ಗುಟುಕಾಗಿ ನೀರು ಕೊಡ್ತಾ ಇರಿ. ಸಂಜೆವರೆಗೂ ನಿಲ್ಲದಿದ್ರೆ ಮತ್ತೆ ಕರ್ಕೊಂಡು ಬನ್ನಿ” ಎಂದರು. ಭಯವಿಲ್ಲವೆಂದು ಹೇಳುವುದು ಡಾಕ್ಟರಿಗೆ ಸುಲಭ. ಹಾಲಮ್ಮ ಮಗುವಿನ ತಲೆದೆಸೆಯಲ್ಲಿ ಕೂತು ಚಮಚೆಯಲ್ಲಿ ನೀರು ಹಾಕಿದಳು. ಹಾಕಿದ್ದೆಲ್ಲ ಹೊರಗೆ ಬಂತು. ಮತ್ತೆ ಹಾಕಿದಳು. ಗುಬ್ಬಿ ಮಗ್ಗುಲಾದರೆ ಇವಳ ಜೀವ ಬಾಯಿಗೆ ಬರುತ್ತಿತ್ತು, ಮಗ್ಗುಲಾಗದೆ ಸುಮ್ಮನಿದ್ದರೆ ಇನ್ನೂ ಹೆಚ್ಚು ಹೆದರಿಕೆ, ಬಾಗಿ ಉಸಿರು ನೋಡುತ್ತಿದ್ದಳು. ಬೀದಿಯ ನೆರಳು ಉದ್ದವಾಗುವ ಹೊತ್ತಿಗೆ ಕುಡಿದ ನೀರು ಒಳಗೇ ನಿಂತಿತು. ಮಗು ಅಜ್ಜಿಯ ಬೆರಳು ಹಿಡಿದುಕೊಂಡೇ ನಿದ್ದೆಹೋಯಿತು. ಹಿಡಿದದ್ದು ನೋಯುವ ಹೆಬ್ಬೆರಳನ್ನೇ, ಹಾಲಮ್ಮ ಬಿಡಿಸಿಕೊಳ್ಳಲಿಲ್ಲ.

ಸೊಸೆ ನೆಲ ಒರೆಸಿ ಬಂದು ಗೋಡೆಗೊರಗಿ ಕೂತಳು. ಅತ್ತೆಗೆ ಭಯ. ಈಗ ಕೇಳುತ್ತಾಳೆ, ಬೇಕಂತಲೇ ಮಾಡಿದ್ರಾ ಅಂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೇಳುವ ಮೊದಲೇ ಹತ್ತು ಉತ್ತರ ಜೋಡಿಸಿಟ್ಟುಕೊಂಡಿದ್ದಳು.

ಸೊಸೆ ಕೇಳಿದ್ದೇ ಬೇರೆ. “ಕಾಲು ಕೊಯ್ದಿದೆಯಲ್ಲ ಅತ್ತೆ, ನೋಡ್ಕೊಂಡ್ರಾ? ಒಂದೇ ಚಪ್ಪಲೀಲಿ ಅಷ್ಟು ದೂರ ಓಡಿ ಬಂದಿದೀರ. ಇನ್ನೊಬ್ರಾಗಿದ್ರೆ ತಪ್ಪು ಗೊತ್ತಾದ್ಮೇಲೂ ಬಾಯ್ಮುಚ್ಕೊಂಡು ಕೂರ್ತಿದ್ರು. ಎಲ್ಲ ಮಕ್ಳೂ ತಿಂದುಬಿಡ್ತಿದ್ವು.”

ಬಾಯಲ್ಲಿ ಬಿಸಿತುಪ್ಪ ಇಟ್ಟಂತಾಯಿತು, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಅನುಮಾನಪಟ್ಟಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಇವಳು ನಂಬಿದ್ದಾಳೆ. ಹೀಗೇ ಸುಮ್ಮನಿದ್ದರೆ ಯಾರಿಗೂ ಎಂದಿಗೂ ತಿಳಿಯುವುದಿಲ್ಲ. ಮಗು ನಿದ್ದೆಯಲ್ಲಿ ಒಮ್ಮೆ ಬಿಕ್ಕಿತು.

“ಕೂತಿದ್ದೆ ಕಣೇ” ಎಂದಳು ಹಾಲಮ್ಮ.

“ಏನು?”

“ಬಾಯ್ಮುಚ್ಕೊಂಡು ಕೂತಿದ್ದೆ. ಗೊತ್ತಾದ ತಕ್ಷಣ ಬರ್ಲಿಲ್ಲ ನಾನು. ಬಟ್ಟೆ ತೊಳ್ದೆ, ಒಣಗಾಕ್ದೆ. ಒಂದ್ಸಲ ನಿಂದು ಕೆಡ್ಲಿ ಅಂತ ಅನ್ನಿಸ್ತು. ಗುಬ್ಬಿ ಅಲ್ಲಿದಾಳೆ ಅಂತ ನೆನಪಾದ್ಮೇಲೆ ಓಡಿದ್ದು. ತಕ್ಷಣ ಹೊರಟಿದ್ರೆ ಇವ್ಳು ತಿಂತಿರ್ಲಿಲ್ಲ.”

ಸೊಸೆ ಎದ್ದು ಬಂದು, ಅಜ್ಜಿಯ ಬೆರಳನ್ನು ಮಗುವಿನ ಮುಷ್ಟಿಯಿಂದ ಮೆಲ್ಲಗೆ ಬಿಡಿಸಿ, ಮಗುವನ್ನು ಎತ್ತಿ ತನ್ನ ಹೆಗಲಿಗೆ ಹಾಕಿಕೊಂಡಳು. ಬಾಗಿಲ ತನಕ ಹೋಗಿ ಅಲ್ಲೇ ಬೆನ್ನು ಹಾಕಿ ನಿಂತಳು. ಬಟ್ಟೆ ಮೂಟೆ ಕಟ್ಟಿ ಹೊರಟೇಬಿಡುತ್ತಾಳೆ ಎಂದುಕೊಂಡಳು ಹಾಲಮ್ಮ.

“ನಾಳೆಯಿಂದ ರುಬ್ಬಿದ್ದು ಕುದಿಯೋವರೆಗೂ ನಾನು ಒಲೆ ಹತ್ರಾನೇ ನಿಂತಿರ್ತೀನಿ” ಎಂದಳು ಸೊಸೆ, ತಿರುಗದೆ. “ನಿಮ್ಮನ್ನ ಒಬ್ರನ್ನೇ ಬಿಡಲ್ಲ.”

“ನಿಂತ್ಕೊಳಮ್ಮ” ಎಂದಳು ಹಾಲಮ್ಮ. ಆಮೇಲೆ ಇನ್ನೊಂದು ಸಲ ಹೇಳಿದಳು. “ನಿಂತ್ಕೋ.”