ಚಕ್ರದಡಿಯ ನಿಂಬೆಹಣ್ಣು

ಅಪ್ಪ ಮುಂಬಯಿಯಿಂದ ತಂದಿದ್ದ ರೇಸ್ ಸೈಕಲ್ಲಿನ ಚಕ್ರಗಳನ್ನು ಉಪ್ಪುಗಾಳಿ ತಿಂದುಹಾಕಿತ್ತು. ಆ ಅಳತೆಯವು ಈಗ ಸಿಗುವುದಿಲ್ಲ. ನನ್ನ ಮಗಳು ಮಾಲಿನಿ ಹಳದೀಪುರದಿಂದ ಕಾಲೇಜಿಗೆ ಅದರಲ್ಲೇ ಹೋಗುತ್ತೇನೆಂದು ಹಟ ಹಿಡಿದಳು. ಹುಬ್ಬಳ್ಳಿಯಿಂದ ಹೊಸ ಅಳತೆಯ ಚಕ್ರ ತರಿಸಿ, ಜೋಡಿಸಲು ಕುಮಟಾದ ತಿಮ್ಮಪ್ಪನ ಅಂಗಡಿಯಲ್ಲಿ ಕೊಟ್ಟೆ.

ತರಲು ಹೋದಾಗ ಸೈಕಲ್ಲಿಗೆ ಹೂಮಾಲೆ ಬಿದ್ದಿತ್ತು, ಚಕ್ರದಡಿ ನಿಂಬೆಹಣ್ಣಿತ್ತು. ತಿಮ್ಮಪ್ಪ ಕರ್ಪೂರ ಬೆಳಗುತ್ತಿದ್ದ. ನಾನು ಕೈಮುಗಿದು, ಆಮೇಲೆ ಬ್ರೇಕು ಹಿಡಿದು ನೋಡಿದೆ. ಹೊಸ ಚಕ್ರ ತುಸು ಚಿಕ್ಕದು. ಹಳೆಯ ಬ್ರೇಕಿನ ಗಿಡ್ಡ ತೋಳು ರಿಮ್ಮಿಗೆ ಎಟುಕದೆ, ರಬ್ಬರು ಟಯರನ್ನೇ ಉಜ್ಜುತ್ತಿತ್ತು. ನಾಲ್ಕು ದಿನದಲ್ಲಿ ಟಯರು ಹರಿದರೆ, ಹೆದ್ದಾರಿಯ ಇಳಿಜಾರಿನಲ್ಲಿ ಮಾಲಿನಿಯ ಗತಿ ಏನು?

“ಇದೆಂತ ತಿಮ್ಮಪ್ಪ?”

“ಒಂದು ನೂಲಿನಷ್ಟು ಫರಕು ಮಾಸ್ತರೆ. ಪೂಜೆ ಆತಲ್ಲ, ಇನ್ನು ದೇವ್ರಿದ್ದ.”

“ಹಂಗಾರೆ ನಿನ್ನ ಮಗಳನ್ನ ಇದ್ರ ಮೇಲೆ ಕೂರ್ಸಿ ಗುಡ್ಡ ಇಳಿಸು. ಅವ್ಳಿಗೂ ದೇವ್ರಿದ್ದ.”

ಅವನು ಒಳಗಿನ ಡಬ್ಬಿಯಿಂದ ಉದ್ದ ತೋಳಿನ ಬ್ರೇಕಿನ ಜೋಡಿ ತೆಗೆದ. ಅದು ಮೊದಲಿನಿಂದಲೂ ಅಲ್ಲೇ ಇತ್ತು. ಬಿಚ್ಚಿ ಕೂಡಿಸಲು ಅರ್ಧ ಗಂಟೆ ಸಾಕು; ಆ ಸೋಮಾರಿತನವನ್ನು ಮುಚ್ಚಲು ಕರ್ಪೂರ ಬೆಳಗಿದ್ದ.

ರಬ್ಬರು ರಿಮ್ಮಿನ ಮೇಲೆ ಸರಿಯಾಗಿ ಕೂತಿತು. ತಿಮ್ಮಪ್ಪ ಬಗ್ಗಿ ಅದೇ ನಿಂಬೆಹಣ್ಣನ್ನು ಮತ್ತೆ ಚಕ್ರದಡಿ ಇಟ್ಟ.

ಪೂಜೆಗಿಟ್ಟ ಹೂವನ್ನು ನಾನು ಎಂದೂ ದಾಟಿದವನಲ್ಲ. ಆ ಹಣ್ಣನ್ನು ಮಾತ್ರ ಸತ್ತ ಇಲಿಯನ್ನು ಎತ್ತುವಂತೆ ಎರಡು ಬೆರಳಲ್ಲಿ ಎತ್ತಿ ಅವನ ಅಂಗೈಗೆ ಹಾಕಿದೆ.

“ಇದು ನಿಂಗೇ ಇರ್ಲಿ,” ಎಂದು ಸೈಕಲ್ ತಳ್ಳಿಕೊಂಡು ಹೊರಬಿದ್ದೆ.