ಎರಡನೆಯ ಸಲ

ಕಿಟಕಿಯಾಚೆ ಹಲಸೂರು ಕೆರೆಯ ನೀರು ಮಿಂಚಿ ಮರೆಯಾಯಿತು, ಬಸ್ಸು ಮತ್ತೆ ನಿಂತಿತು, ನಿಲ್ಲಲಿ, ಇನ್ನೂ ಸ್ವಲ್ಪ ಹೊತ್ತು ನಿಂತೇ ಇರಲಿ ಎಂದುಕೊಂಡಳು ಫಹ್ಮಿದಾ, ಇಂದಿರಾನಗರದಲ್ಲಿಳಿದು ಬಟ್ಟೆ ಅಂಗಡಿಯ ಬಾಗಿಲು ದಾಟಿದರೆ ಫೋನು ಮಾಲೀಕರ ಡ್ರಾಯರಿಗೆ, ಮಧ್ಯಾಹ್ನ ಮಾಸಿಕದ ಪುಟಗಳು ಅಚ್ಚಿಗೆ — ಇಳಿಯುವಷ್ಟರೊಳಗೆ ಫೋನಿನಲ್ಲೇ ತಿದ್ದಿ ಕಳಿಸಿದರೆ ತನ್ನ ಮೊದಲ ಕಥೆ, ಇಲ್ಲದಿದ್ದರೆ ಆ ಜಾಗಕ್ಕೆ ಬೇರೆ ಯಾರದೋ. ಸಂಪಾದಕಿ ರಾಜೇಶ್ವರಿ ಮೇಡಂ ಗದರಲಿಲ್ಲ, ಗದರಿದ್ದರೇ ಚೆನ್ನಾಗಿತ್ತು, ನೋಡಮ್ಮಾ, ನೀವು ಎಲ್ಲಾನೂ ಎರಡೆರಡು ಸಲ ಹೇಳ್ತೀರಿ, ಓದೋರಿಗೆ ಒಂದ್ಸಲಕ್ಕೇ ಕೇಳಿಸಿರುತ್ತೆ. ಅಂಗಡಿಯ ಸಿದ್ರಾ ಅಂದದ್ದೂ ಅದನ್ನೇ ಅಲ್ಲವೇ, ನಿನ್ ಕಥೆ ಮುಗಿಸೋಷ್ಟ್ರಲ್ಲಿ ನನ್ ಚಾ ಎರಡ್ಸಲ ಆರೋಯ್ತು ಕಣೇ — ಅದಕ್ಕೇ ವಾರವಿಡೀ ಅವಳೊಡನೆ ಮಾತು ಬಿಟ್ಟದ್ದು. ಅವರಿಗೇನು ಗೊತ್ತು, ಶಿವಾಜಿನಗರದ ಮನೆಗಳಲ್ಲಿ ಮೀಲಾದ್‌ಗೆ ಹೆಂಗಸರು ಸೇರಿದಾಗ ಅಪ್ಪನ ತಾಯಿ, ದಾದಿ ಉಮ್ಮೆ ಕುಲ್ಸುಂ ಪ್ರವಾದಿಯ ಸ್ತುತಿ ಹಾಡುತ್ತಿದ್ದ ಬಗೆ, ಪ್ರತಿ ಸಾಲೂ ಎರಡು ಸಲ, ಮೊದಲ್ನೇದು ಕಿವಿಗೆ ಬೇಟಿ, ಎರಡ್ನೇದು ದಿಲ್‌ಗೆ, ಎರಡನೆಯದಕ್ಕೆ ಎಲ್ಲರೂ ದನಿಗೂಡಿಸುವರು, ಒರಗಿ ಕೂತ ಪುಟ್ಟ ಫಹ್ಮಿದಾಳ ಬೆನ್ನಿಗೆ ಗೋಡೆಯೇ ಗುಂಯ್‌ಗುಡುವುದು.

ಬಸ್ಸು ಹೊರಟಿತು, ಅಳಿಸು, ಬೇಗ ಅಳಿಸು, ಎರಡನೆಯ ಸಲ ಬಂದ ಮದುವೆಮನೆಯ ಸಾಲು ಹೋಯಿತು, ಅತ್ತದ್ದರ ಸಾಲು ಹೋಯಿತು, ಹೋದರೂ ಕಥೆ ಏನೂ ಆಗದ ಹಾಗೆ ಮುಂದೆ ನಡೆಯಿತು, ಅದೇ ಉರಿ, ಈಗ ಉಳಿದದ್ದು ಕೊನೆಯದೊಂದು, ಇದನ್ನು ಮಾತ್ರ ಬಿಟ್ಟುಬಿಡಿ ಮೇಡಂ ಎಂದು ಬರೆಯಹೊರಟ ಬೆರಳು ತಡೆದು ನಿಂತಿತು — ಕಥೆಯಲ್ಲಿ ಆಸ್ಪತ್ರೆಯ ಮಂಚದ ಮೇಲೆ ದಾದಿ, ಮೊಮ್ಮಗಳು ಒಂದು ಸಾಲು ಹೇಳುತ್ತಾಳೆ, ದಾದಿ ತುಟಿ ತೆರೆದು ಅದನ್ನೇ ಎರಡನೆಯ ಸಲ ಹೇಳಿ ಕಣ್ಮುಚ್ಚುತ್ತಾರೆ, ಅಮ್ಮಿ ಓದಿಸಿ ಕೇಳಿ ಅತ್ತಿದ್ದರು, ಆದರೆ ಹಾಗೆ ಆಗಿತ್ತೇ, ಯಾ ಅಲ್ಲಾ, ಹಾಗೆಲ್ಲಿ ಆಗಿತ್ತು, ಹೇಳಿದ್ದು ತಾನೊಬ್ಬಳೇ, ದಾದಿಯ ತುಟಿ ತೆರೆಯಿತು, ಕಾದಳು, ದನಿ ಬರಲಿಲ್ಲ, ಕಾಯುತ್ತಲೇ ಇದ್ದಳು, ಆ ದನಿಯನ್ನು ಕಥೆಯಲ್ಲಾದರೂ ಕೊಟ್ಟಿದ್ದಳಲ್ಲ, ಈಗ ಕೊಟ್ಟ ಕೈಯೇ ಕಿತ್ತುಕೊಳ್ಳಬೇಕೇ, ಇಂದಿರಾನಗರ ಇಳಿಯೋರು ಮುಂದೆ ಬನ್ರೀ, ಕಂಡಕ್ಟರ್ ಕೂಗುತ್ತಿದ್ದಾನೆ, ಎದ್ದಳು, ಕಂಬಿಗೆ ಭುಜ ಕೊಟ್ಟು ನಿಂತಳು, ಬಿಸ್ಮಿಲ್ಲಾ, ಅಳಿಸಿದಳು, ಕಳಿಸಿಯೂಬಿಟ್ಟಳು, ಹಿಂದಿನಿಂದ ಜನ ನೂಕುತ್ತಿದ್ದಾರೆ, ಇಳಿಯದೆ ಫೋನನ್ನೇ ನೋಡಿದಳು, ಕಥೆಯ ಕೊನೆಯಲ್ಲಿ ಈಗ ಇರುವುದು ಅಷ್ಟೇ — ತೆರೆದ ತುಟಿ, ಬೇಗ ಇಳೀರಮ್ಮಾ, ತೆರೆದ ತುಟಿ