ಒಂದು ಚೀಲ ಕಾಳಿಗೆ ಎಷ್ಟು ಸೋಪು

ಎಂಬತ್ತಮೂರರಲ್ಲಿ ನಮ್ಮ ಯಜಮಾನರು ಮಹೇಶ್ವರಪ್ಪನವರು ಚನ್ನಗಿರಿಯ ಒಂದು ಸಹಕಾರ ಸಂಘದ ಕಾರ್ಯದರ್ಶಿಯಾಗಿದ್ದರು. ಸಂಘದ ಕೆಲಸ ಕಲಿಯಲು ಆಫ್ರಿಕಾದಿಂದ ಇಬ್ಬರು ಬಂದು ನಮ್ಮ ಹೊರಕೋಣೆಯಲ್ಲಿ ಉಳಿದರು. ಜುಮಾ ಟಾಂಜಾನಿಯಾದವನು, ಕಮಾವು ಕೀನ್ಯಾದವನು. ತಮ್ಮ ಊರಿನ ಸಂಘಗಳನ್ನು ನಡೆಸುವವರು. ಆ ಊರುಗಳ ನಡುವೆ ಇರುವುದು ಹೊನ್ನಾಳಿಗೂ ನ್ಯಾಮತಿಗೂ ಇರುವಷ್ಟೇ ದೂರ ಮತ್ತು ಒಂದು ಗಡಿಗೇಟು. ಇಬ್ಬರ ಭಾಷೆಯೂ ಒಂದೇ, ನಮ್ಮಲ್ಲಿಗೆ ಬಂದ ಮೇಲೆ ಅಷ್ಟಿಷ್ಟು ಕನ್ನಡವನ್ನೂ ಕಲಿತಿದ್ದರು. ಆದರೂ ಒಬ್ಬರಿಗೊಬ್ಬರು ಬೆನ್ನು ಮಾಡಿ ಮಲಗುತ್ತಿದ್ದರು.

ಎರಡು ಸರ್ಕಾರಗಳ ಜಗಳದಲ್ಲಿ ಗೇಟು ಮುಚ್ಚಿ ಆರು ವರ್ಷವಾಗಿತ್ತು. ಕಮಾವುವಿನ ಸೋದರಮಾವನ ಲಾರಿ ಆಗ ಆಚೆ ಜುಮಾನ ದೇಶದಲ್ಲಿ ಸಿಕ್ಕಿಕೊಂಡದ್ದು ವಾಪಸು ಬಂದಿರಲಿಲ್ಲ. ಜುಮಾನ ಊರಿನಲ್ಲಿ ಬೀನ್ಸ್ ಕಾಳು ಗೋದಾಮಿನಲ್ಲೇ ಹುಳ ಹಿಡಿಯುತ್ತಿತ್ತು. ಅಂಗಡಿಯಲ್ಲಿ ಸೋಪು ಮಾತ್ರ ಇರಲಿಲ್ಲ.

ಇದು ನನಗೆ ತಿಳಿದದ್ದು ಒಗೆಯುವ ಕಲ್ಲಿನ ಹತ್ತಿರ. ಸವೆದು ಉಳಿದ ಸೋಪಿನ ಚೂರನ್ನು ಎಸೆಯಲು ಹೋದಾಗ ಜುಮಾ ಕೈ ಚಾಚಿದ.

"ಬಿಸಾಕ್ಬೇಡ್ರಿ ಅಮ್ಮ. ನನ್ನ ಹೆಂಡ್ತಿ ಮಗು ಬಟ್ಟೇನ ಬೂದಿಯಿಂದ ಒಗೀತಾಳೆ."

ಅವನು ಆ ಚೂರುಗಳನ್ನು ಕಿಟಕಿಯಲ್ಲಿ ಒಣಗಿಸಿ ಡಬ್ಬಿಗೆ ಹಾಕಿಕೊಳ್ಳುತ್ತಿದ್ದ. ನಾನು ಆಮೇಲೆ ಚೂರನ್ನು ಸ್ವಲ್ಪ ದೊಡ್ಡದಾಗಿಯೇ ಬಿಡುತ್ತಿದ್ದೆ.

ನವೆಂಬರಿನಲ್ಲಿ ಗೇಟು ತೆರೆಯುತ್ತದೆಂದು ರೇಡಿಯೋ ಹೇಳಿತು. ಜುಮಾ ಆಗಲೇ ಕಮಾವುವನ್ನು ಕೇಳಿದ. ನಮ್ಮ ಕಾಳು ನಿಮ್ಮ ಸಂಘಕ್ಕೆ, ನಿಮ್ಮ ಸೋಪು ನಮ್ಮ ಸಂಘಕ್ಕೆ. ಕಮಾವು ತಲೆ ಎತ್ತಲಿಲ್ಲ. "ಮೊದ್ಲು ಲಾರಿ" ಎಂದ. ಜುಮಾ ತಮ್ಮ ಭಾಷೆಯಲ್ಲಿ ಏನೋ ಅಂದ, ಕಮಾವು ಚಾಪೆಯಿಂದ ಎದ್ದ. ಯಜಮಾನರು ನಡುವೆ ಹೋಗಬೇಕಾಯಿತು.

ಅಷ್ಟರಲ್ಲಿ ನಮ್ಮ ಕರು ನೋಡಲು ಕೆರೆಬಿಳಚಿಯ ದನದ ದಲ್ಲಾಳಿ ಗೌಸ್‌ಪೀರ್ ಬಂದ. ಗದ್ದಲ ಕೇಳಿ ಬಾಗಿಲಲ್ಲೇ ನಿಂತ.

"ಏನ್ರೀ ಅಕ್ಕ, ದನದ ಸಂತೆ ಇಲ್ಲೇ ಶುರು ಆಗೈತಲ್ಲ?"

ಯಜಮಾನರು ವಿಷಯ ಹೇಳಿದರು. ಗೌಸ್‌ಪೀರ್ ಹೆಗಲ ಮೇಲಿನ ಟವೆಲ್ ಕೊಡವಿದ.

"ಬಾಯಾಗೆ ವ್ಯಾಪಾರ ಮಾಡಿದ್ರೆ ಹಿಂಗೇ ಆಗೋದು. ಕೂತ್ಕೊಳ್ರಿ ಇಬ್ರೂ. ಬಾಯಿ ಮುಚ್ಚಿ ಕೈ ಕೊಡ್ರಿ. ಬೆಳ್ಳಗಿರೋನು ನಾನೊಬ್ನೇ ಇಲ್ಲಿ, ನನಗೆ ಹೆದರ್‍ಕೋಬೇಡ್ರಿ."

ಅವನೂ ಕಪ್ಪಗೇ ಇದ್ದ. ಕಮಾವುವಿಗೆ ನಗು ಬಂತು, ಅದನ್ನು ಅಡಗಿಸಿದ.

ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವುದನ್ನು ಇಬ್ಬರೂ ನಮ್ಮ ಸಂತೆಯಲ್ಲಿ ನೋಡಿದ್ದರು. ದುಡ್ಡಿನ ಲೆಕ್ಕ ಬೇಡ ಎಂದರು ಯಜಮಾನರು, ಎರಡು ದೇಶದ ಶಿಲಿಂಗೂ ಬೇರೆ ಬೇರೆ. ಒಂದು ಚೀಲ ಕಾಳಿಗೆ ಎಷ್ಟು ಪೆಟ್ಟಿಗೆ ಸೋಪು, ಒಂದು ಬೆರಳಿಗೆ ಒಂದು ಪೆಟ್ಟಿಗೆ.

ಆರು ತಿಂಗಳಲ್ಲಿ ಅವರು ಒಬ್ಬರನ್ನೊಬ್ಬರು ಮುಟ್ಟಿದ್ದು ಅದೇ ಮೊದಲು. ಜುಮಾ ಬೆರಳು ಹಿಡಿದ. ಕಮಾವು ಕೊಡವಿ ಬೇರೆ ಹಿಡಿದ. ಒಲೆಯ ಮೇಲೆ ಹಾಲಿತ್ತು, ಒಳಗೆ ಹೋದೆ. ಬಂದಾಗಲೂ ಟವೆಲ್ ಅಲುಗುತ್ತಿತ್ತು. ಜುಮಾನ ಹಣೆ ಬೆವೆತಿತ್ತು.

ಕಮಾವುವಿನ ಕೈ ನಿಂತಿತು. ಯಜಮಾನರ ಕಡೆ ತಿರುಗಿ, ಕನ್ನಡ ಸಾಲದೆ, ಇಂಗ್ಲಿಷಿನಲ್ಲಿ ಏನೋ ಕೇಳಿದ.

"ತಾನು ಇಳಿಸಿದಂಗೆಲ್ಲ ಜುಮಾನೂ ಯಾಕೆ ಬೆರಳು ಕಮ್ಮಿ ಮಾಡ್ತಾನೆ ಅಂತಾನೆ," ಎಂದರು ಯಜಮಾನರು. "ಅಷ್ಟು ಕಡಿಮೆ ಸೋಪಿಗೆ ಚೀಲ ಕೊಟ್ರೆ ನಷ್ಟ ಅಲ್ವಾ ಅಂತ."

"ಸೋಪು ಇಲ್ದೋರಿಗೆ ಚೌಕಾಸಿ ಹೆಂಗೆ ಬರ್ತೈತ್ರೀ" ಎಂದೆ ನಾನು. ಯಜಮಾನರು ಅದನ್ನು ಇಂಗ್ಲಿಷಿಗೆ ತಿರುಗಿಸಿದರೋ ಇಲ್ಲವೋ ತಿಳಿಯದು. ಕಮಾವು ಕಿಟಕಿಯಲ್ಲಿದ್ದ ಜುಮಾನ ಸೋಪುಚೂರಿನ ಡಬ್ಬಿ ನೋಡಿದ. ಆಮೇಲೆ ಟವೆಲ್ ಕೆಳಗೆ ತಾನೇ ಇನ್ನೊಂದು ಬೆರಳು ಸೇರಿಸಿ ಹಿಡಿದನಂತೆ.

ಜುಮಾ ಕೈ ಬಿಡಲಿಲ್ಲ.

"ಆತು," ಎಂದ ಗೌಸ್‌ಪೀರ್. "ಟವೆಲ್ ಕೊಡ್ರಪ್ಪ, ನನಗೆ ಕರು ನೋಡಾಕೆ ಐತೆ."

ಲಾರಿಯ ವಿಷಯ ಹಾಗೇ ಉಳಿಯಿತು. ಅಂದು ಮಧ್ಯಾಹ್ನ ಬಡಿಸಿದ ಮುದ್ದೆ ಆರಿ ಹೋಗುವವರೆಗೂ ಇಬ್ಬರೂ ಅದೇ ಲಾರಿಯ ಬಗ್ಗೆ ತಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದರು. ಜಗಳವೇ ಇರಬೇಕು. ಆದರೆ ಎದುರುಬದುರು ಕೂತಿದ್ದರು.